ಸೆನೆಟರ್ ಯಾರ ಪ್ರತಿನಿಧಿ? ಅಮೆರಿಕದ ಹೈಸ್ಕೂಲುಗಳಲ್ಲಿ ಪೌರನೀತಿಯ ತಕರಾರು

ಅಮೆರಿಕದ ಪೌರತ್ವ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಇದೆ. ಸೆನೆಟರ್, ಅಂದರೆ ಸಂಸತ್ತಿನ ಮೇಲ್ಮನೆಯ ಸದಸ್ಯರು, ಯಾರನ್ನು ಪ್ರತಿನಿಧಿಸುತ್ತಾರೆ? 2008ರಿಂದ ಬಳಕೆಯಲ್ಲಿದ್ದ ಪಟ್ಟಿಯಲ್ಲಿ ಸರಿಯುತ್ತರ ಹೀಗಿತ್ತು: ಆ ರಾಜ್ಯದ ಎಲ್ಲ ಜನರನ್ನು. 2020ರ ಡಿಸೆಂಬರ್‌ನಲ್ಲಿ ಹೊಸ ಪಟ್ಟಿ ಬಂತು. ಅದರಲ್ಲಿ ಉತ್ತರ ಬದಲಾಯಿತು: ಆ ರಾಜ್ಯದ ನಾಗರಿಕರನ್ನು.

ನೋಡಲು ಸಣ್ಣ ತಿದ್ದುಪಡಿ. ಆದರೆ ಅದರ ಮೇಲೆ ಜೋರು ಚರ್ಚೆಯೇ ನಡೆಯಿತು. ಯಾಕೆಂದರೆ ವೋಟು ಹಾಕುವವರು ನಾಗರಿಕರು, ನಿಜ. ಆದರೆ ಕೆಳಮನೆಯ ಸೀಟುಗಳನ್ನು ರಾಜ್ಯಗಳಿಗೆ ಹಂಚುವಾಗ ಅಮೆರಿಕದ ಸಂವಿಧಾನ ಎಣಿಸುವುದು ಬರೀ ನಾಗರಿಕರನ್ನಲ್ಲ, ಅಲ್ಲಿ ವಾಸಿಸುವ ಎಲ್ಲರನ್ನೂ. ಹತ್ತು ವರ್ಷದಿಂದ ಗ್ರೀನ್ ಕಾರ್ಡ್‌ಗೆ ಕಾಯುತ್ತಿರುವ ಮನೆಯವರೂ ಆ ಎಣಿಕೆಯಲ್ಲಿ ಇರುತ್ತಾರೆ. ಹಾಗಾದರೆ ಅವರು ಯಾರ ಲೆಕ್ಕಕ್ಕೆ ಸೇರಬೇಕು?

ಪೌರನೀತಿ ಅಂದರೆ ಹೆಸರು, ಇಸವಿ, ಸಂಖ್ಯೆಗಳ ಒಣ ಪಾಠ ಎಂದುಕೊಂಡವರಿಗೆ ಈ ಒಂದು ಪ್ರಶ್ನೆ ಸಾಕು. ಅಮೆರಿಕದ ಹೈಸ್ಕೂಲುಗಳಲ್ಲಿ ಈಗ ನಡೆಯುತ್ತಿರುವ ದೊಡ್ಡ ಜಗಳ ಇಂಥ ಸಣ್ಣ ಉತ್ತರಗಳ ಸುತ್ತಲೇ ಇದೆ.

ಗೊಂದಲ ಎಲ್ಲಿಂದ ಬಂತು

2025ರ ಸೆಪ್ಟೆಂಬರ್ 17, ಅಮೆರಿಕದ ಸಂವಿಧಾನ ದಿನ. ಅಂದು ಲಿಂಡಾ ಮೆಕ್‌ಮಹನ್ ಸಚಿವೆಯಾಗಿದ್ದ ಕೇಂದ್ರದ ಶಿಕ್ಷಣ ಇಲಾಖೆ ಎರಡು ಮಾತು ಹೇಳಿತು. ದೇಶ ಹುಟ್ಟಿ 250 ವರ್ಷ ತುಂಬುವ ಸಂದರ್ಭಕ್ಕೆ ಪೌರನೀತಿ ಕಲಿಸಲು 40ಕ್ಕೂ ಹೆಚ್ಚು ಸಂಘಟನೆಗಳ ಒಕ್ಕೂಟ ಕಟ್ಟುತ್ತೇವೆ ಎಂಬುದು ಒಂದು. 'ದೇಶಪ್ರೇಮದ ಶಿಕ್ಷಣ'ಕ್ಕೆ ಅನುದಾನದಲ್ಲಿ ಆದ್ಯತೆ ಕೊಡುತ್ತೇವೆ ಎಂಬುದು ಇನ್ನೊಂದು. ಅದರ ಬೆನ್ನಿಗೇ ಅಕ್ಟೋಬರ್ 20ರಿಂದ ಹೊಸ ಪೌರತ್ವ ಪರೀಕ್ಷೆ ಜಾರಿಗೆ ಬಂತು. ಮೊದಲು 100 ಪ್ರಶ್ನೆಗಳ ಪಟ್ಟಿ ಇತ್ತು. ಅಧಿಕಾರಿ 10 ಕೇಳುತ್ತಿದ್ದರು, 6 ಸರಿಯಾದರೆ ಪಾಸು. ಈಗ ಪಟ್ಟಿಯಲ್ಲಿ 128 ಪ್ರಶ್ನೆ, ಕೇಳುವುದು 20, ಸರಿ ಇರಬೇಕಾದ್ದು 12.

ಎರಡೂ ಸುದ್ದಿ ಒಟ್ಟಿಗೆ ಬಂದಾಗ ಕೇಂದ್ರ ಸರ್ಕಾರ ಶಾಲೆಗಳ ಪಠ್ಯವನ್ನೇ ಬದಲಿಸಿಬಿಟ್ಟಿತು ಅಂತ ಅನ್ನಿಸುವುದು ಸಹಜ. ಹಾಗಾಗಿಲ್ಲ. ಪೌರತ್ವ ಪರೀಕ್ಷೆ ಹೊರಗಿನಿಂದ ಬಂದು ನಾಗರಿಕರಾಗುವವರಿಗೆ. ಶಾಲೆಯ ಪಾಠ ಬೇರೆ. ಆದರೆ ಈ ಎರಡರ ನಡುವೆ ಒಂದು ಕೊಂಡಿ ಇದೆ. ಕಳೆದ ಹತ್ತು ವರ್ಷದಲ್ಲಿ ಹಲವು ರಾಜ್ಯಗಳು ಅದೇ ಪೌರತ್ವ ಪರೀಕ್ಷೆಯ ಪ್ರಶ್ನೆಗಳನ್ನು ತಂದು ಹೈಸ್ಕೂಲ್ ಮಕ್ಕಳ ಮುಂದೆ ಇಟ್ಟಿವೆ.

ವಾಷಿಂಗ್ಟನ್‌ಗೆ ಪಠ್ಯಪುಸ್ತಕದ ಮೇಲೆ ಹಿಡಿತ ಇಲ್ಲ

ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣ ಎಂಬ ಮಾತೇ ಇಲ್ಲ. ಕೇಂದ್ರಕ್ಕೆ ಕೊಡದ ಅಧಿಕಾರ ರಾಜ್ಯಗಳಿಗೆ ಅಥವಾ ಜನರಿಗೆ ಸೇರಿದ್ದು ಎನ್ನುತ್ತದೆ 10ನೇ ತಿದ್ದುಪಡಿ. ಹೀಗಾಗಿ ಶಾಲೆ ನಡೆಸುವುದು ರಾಜ್ಯಗಳ ಕೆಲಸ. ರಾಜ್ಯಗಳು ಅದರಲ್ಲಿ ಬಹುಪಾಲನ್ನು ಸುಮಾರು 13,000 ಶಾಲಾ ಜಿಲ್ಲೆಗಳಿಗೆ ಬಿಟ್ಟಿವೆ. ಯಾವ ಪಠ್ಯ ಕಲಿಸಬೇಕು ಎಂದು ಕೇಂದ್ರ ಹೇಳುವಂತಿಲ್ಲ ಎಂದು ಕೇಂದ್ರದ ಕಾನೂನುಗಳೇ ಹೇಳುತ್ತವೆ. ಪಠ್ಯಪುಸ್ತಕ ಎಂದರೆ ಸರ್ಕಾರ ಅಚ್ಚು ಹಾಕಿಸಿದ ಒಂದೇ ಪುಸ್ತಕ ಎಂದು ಬೆಳೆದ ನಮಗೆ ಇದು ಸ್ವಲ್ಪ ವಿಚಿತ್ರ ಅನ್ನಿಸಬಹುದು.

ಹಾಗಾದರೆ ಕೇಂದ್ರದ ಕೈಯಲ್ಲಿ ಏನಿದೆ? ಹಣ ಇದೆ, ಗಟ್ಟಿ ದನಿ ಇದೆ. ದನಿ ಹೇಗೆ ಬದಲಾಗುತ್ತದೆ ನೋಡಿ. 2020ರ ನವೆಂಬರ್‌ನಲ್ಲಿ ಟ್ರಂಪ್ ದೇಶಪ್ರೇಮದ ಶಿಕ್ಷಣಕ್ಕೆಂದು '1776 ಆಯೋಗ' ರಚಿಸಿದರು. ಅದರ ವರದಿ 2021ರ ಜನವರಿ 18ಕ್ಕೆ ಬಂತು. ಎರಡೇ ದಿನಕ್ಕೆ ಬೈಡನ್ ಅಧಿಕಾರಕ್ಕೆ ಬಂದು ಆಯೋಗವನ್ನೇ ರದ್ದು ಮಾಡಿದರು. 2025ರ ಜನವರಿ 29ಕ್ಕೆ ಟ್ರಂಪ್ ಅದಕ್ಕೆ ಮತ್ತೆ ಜೀವ ಕೊಟ್ಟರು. ಪೌರತ್ವ ಪರೀಕ್ಷೆಯದೂ ಇದೇ ಕಥೆ. 2020ರಲ್ಲಿ ಹೊಸ ಪಟ್ಟಿ, 2021ರಲ್ಲಿ ಹಳೆಯದಕ್ಕೆ ವಾಪಸ್, 2025ರಲ್ಲಿ ಮತ್ತೆ ಹೊಸದು. ಒಂದು ಮಗು ಆರನೇ ತರಗತಿಯಿಂದ ಹನ್ನೊಂದನೆಯದಕ್ಕೆ ಬರುವಷ್ಟರಲ್ಲಿ ಒಳ್ಳೆಯ ನಾಗರಿಕ ಅಂದರೆ ಯಾರು ಎಂಬುದಕ್ಕೆ ಸರ್ಕಾರದ ಉತ್ತರ ಮೂರು ಸಲ ತಿರುಗಿತು.

ಪಾಠ ಸೊರಗಿದ್ದು ಹೇಗೆ

ಒಂದು ಕಾಲಕ್ಕೆ ಅಮೆರಿಕದ ಬಹಳಷ್ಟು ಮಕ್ಕಳು ಹೈಸ್ಕೂಲು ಮುಗಿಸುವುದರೊಳಗೆ ಪೌರನೀತಿ, ಪ್ರಜಾಪ್ರಭುತ್ವದ ಸಮಸ್ಯೆಗಳು, ಅಮೆರಿಕದ ಸರ್ಕಾರ ಎಂಬ ಮೂರು ಪಾಠ ಓದುತ್ತಿದ್ದರು. ಈಗ ಹೆಚ್ಚಿನ ಕಡೆ ಉಳಿದಿರುವುದು ಒಂದೇ. ಅದೂ ಸಾಮಾನ್ಯವಾಗಿ ಕೊನೆಯ ವರ್ಷ, ಒಂದು ಸೆಮಿಸ್ಟರ್.

ಇದಕ್ಕೆ ಒಂದೇ ಕಾರಣ ಇಲ್ಲ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಅಮೆರಿಕದ ಹಣ, ಗಮನ ಎಲ್ಲ ವಿಜ್ಞಾನ ಮತ್ತು ಗಣಿತದ ಕಡೆ ತಿರುಗಿತು. ವಿಯೆಟ್ನಾಂ ಯುದ್ಧ, ವಾಟರ್‌ಗೇಟ್ ಹಗರಣ ಆದ ಮೇಲೆ ಸರ್ಕಾರವನ್ನು ಹೊಗಳುವ ಹಳೆಯ ಧಾಟಿಯ ಪಾಠ ಯಾರಿಗೂ ರುಚಿಸಲಿಲ್ಲ. ದೊಡ್ಡ ಪೆಟ್ಟು ಬಿದ್ದಿದ್ದು 2002ರಲ್ಲಿ. ಆ ವರ್ಷ ಬಂದ ಕೇಂದ್ರದ ಕಾನೂನು ಓದು ಮತ್ತು ಗಣಿತದಲ್ಲಿ ಪ್ರತಿ ವರ್ಷ ಪರೀಕ್ಷೆ ಕಡ್ಡಾಯ ಮಾಡಿತು. ಅಂಕ ಕಡಿಮೆಯಾದರೆ ಶಾಲೆಯ ಮೇಲೆ ಕ್ರಮ. ಪರೀಕ್ಷೆಗೆ ಬಾರದ ವಿಷಯಕ್ಕೆ ಯಾರು ಸಮಯ ಕೊಡುತ್ತಾರೆ? ಸಮಾಜ ಪಾಠದ ಗಂಟೆಗಳು ಒಂದೊಂದಾಗಿ ಕರಗಿದವು. ಅದು ಯಾರೂ ಕೂತು ಮಾಡಿದ ಸಂಚಲ್ಲ. ಅಳೆಯುವ ಕಡೆಗೆ ಎಲ್ಲರೂ ವಾಲಿದರು, ಅಷ್ಟೇ.

ಫಲ 2022ರ ರಾಷ್ಟ್ರೀಯ ಮೌಲ್ಯಮಾಪನದಲ್ಲಿ ಕಂಡಿತು. ಎಂಟನೇ ತರಗತಿಯ ಮಕ್ಕಳಲ್ಲಿ ಪೌರನೀತಿಯಲ್ಲಿ 'ಪ್ರವೀಣ' ಮಟ್ಟ ಮುಟ್ಟಿದವರು ಶೇ 22 ಮಾತ್ರ. ಈ ಪರೀಕ್ಷೆ ಶುರುವಾದ ಮೇಲೆ ಸರಾಸರಿ ಅಂಕ ಇಳಿದಿದ್ದು ಅದೇ ಮೊದಲು. ಇಲ್ಲಿ ಒಂದು ಎಚ್ಚರಿಕೆ ಬೇಕು. 'ಪ್ರವೀಣ' ಎಂಬುದು ಸಾಕಷ್ಟು ಮೇಲಿನ ಮಟ್ಟ. ಉಳಿದ ಶೇ 78 ಮಕ್ಕಳು ಫೇಲು ಎಂದು ಅರ್ಥವಲ್ಲ. ಆದರೆ ಪೌರನೀತಿಗೇ ಮೀಸಲಾದ ತರಗತಿ ತಮಗೆ ಇದೆ ಎಂದವರು ಸುಮಾರು ಅರ್ಧದಷ್ಟು ಮಕ್ಕಳು ಮಾತ್ರ. ಕಲಿಸದೇ ಇದ್ದದ್ದು ಬರುವುದಾದರೂ ಹೇಗೆ?

ನೂರು ಪ್ರಶ್ನೆಯ ಸುಲಭ ದಾರಿ

ಇದಕ್ಕೆ ಮೊದಲು ಉತ್ತರ ಹುಡುಕಿದ ರಾಜ್ಯ ಅರಿಝೋನಾ. 2015ರ ಜನವರಿಯಲ್ಲಿ ಅದು ಒಂದು ಕಾನೂನು ಮಾಡಿತು. ಪೌರತ್ವ ಪರೀಕ್ಷೆಯ 100 ಪ್ರಶ್ನೆಗಳಲ್ಲಿ ಕನಿಷ್ಠ 60 ಸರಿ ಮಾಡದೆ ಯಾವ ವಿದ್ಯಾರ್ಥಿಯೂ ಹೈಸ್ಕೂಲು ಮುಗಿಸುವಂತಿಲ್ಲ ಎಂದು ಅದು ಆಗ ಹೇಳಿತು. ಬೇರೆ ರಾಜ್ಯಗಳೂ ಸಾಲಾಗಿ ಹಿಂದೆ ಬಂದವು.

ಇದನ್ನು ಬೆಂಬಲಿಸುವವರ ಮಾತಿನಲ್ಲಿ ಹುರುಳಿದೆ. ಹೊರಗಿನಿಂದ ಬಂದು ನಾಗರಿಕರಾಗುವವರಿಗೆ ಗೊತ್ತಿರಬೇಕಾದ್ದು ಇಲ್ಲೇ ಹುಟ್ಟಿದವರಿಗೆ ಗೊತ್ತಿರಬೇಡವೇ? ಪ್ರಶ್ನೆಗಳು ಸಿದ್ಧ ಇವೆ, ಖರ್ಚು ಇಲ್ಲ. ಪರೀಕ್ಷೆ ಇದೆ ಎಂದಾದರೆ ಶಾಲೆಗಳು ಪಾಠಕ್ಕೆ ಸಮಯ ಕೊಡುತ್ತವೆ.

ಸಮಸ್ಯೆ ಏನೆಂದರೆ ಇದು ಬೇಗ ಗಿಳಿಪಾಠವಾಗುತ್ತದೆ. ಸೆನೆಟರ್‌ಗಳು ಎಷ್ಟು? 100. ಸುಪ್ರೀಂ ಕೋರ್ಟ್‌ನಲ್ಲಿ ನ್ಯಾಯಾಧೀಶರು ಎಷ್ಟು? 9. ಮಗ್ಗಿ ಉರು ಹೊಡೆದ ಹಾಗೆ ಹೊಡೆದರೆ ಪಾಸು. ಆದರೆ ಆ ಒಂಬತ್ತು ಜನ ಸಂಸತ್ತು ಮಾಡಿದ ಕಾನೂನನ್ನು ಹೇಗೆ ತಳ್ಳಿಹಾಕಬಲ್ಲರು, ತಳ್ಳಿಹಾಕಿದರೆ ಮುಂದೇನು ಎಂಬುದು ಪಟ್ಟಿಯಲ್ಲಿ ಹಿಡಿಸುವುದಿಲ್ಲ. ಪೆನ್ಸಿಲ್ವೇನಿಯಾ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು ಇಂಥ ಪರೀಕ್ಷೆ ತಂದ ರಾಜ್ಯಗಳನ್ನು ಉಳಿದ ರಾಜ್ಯಗಳ ಜೊತೆ ಹೋಲಿಸಿ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪರೀಕ್ಷೆಯಿಂದ ಯುವಜನರ ಮತದಾನ ಹೆಚ್ಚಿದ್ದು ಅವರಿಗೆ ಕಾಣಲಿಲ್ಲ.

ಮಾಹಿತಿ ಬೇಡ ಅಂತಲ್ಲ. ಯಾವ ಕಚೇರಿ ಏನು ಮಾಡುತ್ತದೆ ಎಂದು ಗೊತ್ತಿಲ್ಲದವರು ಯಾರ ಬಾಗಿಲು ತಟ್ಟಬೇಕು ಎಂಬುದೂ ಗೊತ್ತಾಗದೆ ನಿಲ್ಲುತ್ತಾರೆ. ಆದರೆ ಬಾಗಿಲು ತಟ್ಟುವುದನ್ನೂ ಯಾರಾದರೂ ಕಲಿಸಬೇಕು. ಅಸಲಿ ಜಗಳ ಅಲ್ಲೇ ಇದೆ.

ಶಾಸಕರಿಗೆ ಪತ್ರ ಬರೆಸಬಹುದಾ?

ಎರಡು ರಾಜ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಮ್ಯಾಸಚೂಸೆಟ್ಸ್‌ನಲ್ಲಿ 2018ರ ನವೆಂಬರ್‌ನಲ್ಲಿ ಒಂದು ಕಾನೂನು ಬಂತು. ಎಂಟನೇ ತರಗತಿ ಇರುವ ಪ್ರತಿ ಸರ್ಕಾರಿ ಶಾಲೆ, ಪ್ರತಿ ಸರ್ಕಾರಿ ಹೈಸ್ಕೂಲು ಮಕ್ಕಳಿಗೆ ಕನಿಷ್ಠ ಒಂದು ಪೌರನೀತಿ ಪ್ರಾಜೆಕ್ಟ್‌ಗೆ ಅವಕಾಶ ಕೊಡಬೇಕು. ಅದನ್ನು ಮಕ್ಕಳೇ ನಡೆಸಬೇಕು, ಪಕ್ಷ ರಾಜಕೀಯ ಇರಬಾರದು. ಸಹಿ ಹಾಕಿದ್ದು ರಿಪಬ್ಲಿಕನ್ ಗವರ್ನರ್ ಚಾರ್ಲಿ ಬೇಕರ್. ಆದ್ದರಿಂದ ಇದು ಬರೀ ಒಂದು ಪಕ್ಷದ ಆಸೆ ಎನ್ನುವಂತಿಲ್ಲ.

ಇಂಥ ಪ್ರಾಜೆಕ್ಟ್ ಅಂದರೆ ಹೇಗಿರುತ್ತದೆ? ಶಾಲೆ ಎದುರಿನ ರಸ್ತೆ ದಾಟುವುದು ಕಷ್ಟ ಎಂದುಕೊಳ್ಳಿ. ಜೀಬ್ರಾ ಪಟ್ಟೆ ಇಲ್ಲ, ಗಾಡಿಗಳು ಜೋರಾಗಿ ಬರುತ್ತವೆ. ಮಕ್ಕಳು ಮೊದಲು ಕೇಳಬೇಕಾದ ಪ್ರಶ್ನೆ: ಈ ರಸ್ತೆ ಯಾರದ್ದು? ಊರಿನದ್ದಾ, ರಾಜ್ಯದ್ದಾ? ಇದನ್ನು ಪತ್ತೆ ಮಾಡಲಿಕ್ಕೇ ಎರಡು ಮೂರು ಫೋನ್ ಬೇಕಾಗುತ್ತದೆ. ಆಮೇಲೆ ದುಡ್ಡು ಯಾರ ಬಜೆಟ್ಟಿನಲ್ಲಿದೆ, ಯಾವ ಸಭೆಯಲ್ಲಿ ತೀರ್ಮಾನ ಆಗುತ್ತದೆ, ಆ ಸಭೆಯಲ್ಲಿ ಮಾತಾಡಲು ಹೆಸರು ಎಲ್ಲಿ ಕೊಡಬೇಕು. ವೇಗ ಕಡಿಮೆ ಮಾಡುವುದನ್ನು ವಿರೋಧಿಸುವವರೂ ಇರುತ್ತಾರೆ, ಅವರ ಕಾರಣವನ್ನೂ ಕೇಳಬೇಕು. ಕೊನೆಗೆ ಪಟ್ಟೆ ಬೀಳಬಹುದು, ಬೀಳದೇ ಇರಬಹುದು. ಆದರೆ ಅಧಿಕಾರ ಹಂಚಿಕೆ ಅಂದರೇನು ಎಂಬುದು ಆ ಮಕ್ಕಳಿಗೆ ಇನ್ನು ಮರೆಯುವುದಿಲ್ಲ.

ಈಗ ಟೆಕ್ಸಸ್‌ಗೆ ಬನ್ನಿ. 2021ರಲ್ಲಿ ಅಲ್ಲಿ ಬಂದ ಕಾನೂನು ಇದರ ಎದುರು ದಿಕ್ಕಿಗೆ ಹೋಗುತ್ತದೆ. ಕೇಂದ್ರ, ರಾಜ್ಯ ಅಥವಾ ಊರಿನ ಮಟ್ಟದ ಜನಪ್ರತಿನಿಧಿಗಳಿಗೆ ನೇರವಾಗಿ ಹೇಳಿ ಏನನ್ನಾದರೂ ಮಾಡಿಸಲು ಯತ್ನಿಸುವ ಕೆಲಸವನ್ನು ಶಾಲೆ ಪಾಠದ ಭಾಗ ಮಾಡುವಂತಿಲ್ಲ, ಅದಕ್ಕೆ ಅಂಕ ಕೊಡುವಂತಿಲ್ಲ. ಸರ್ಕಾರ ನಡೆಯುವ ಬಗೆಯನ್ನು ಅಣಕು ರೂಪದಲ್ಲಿ ಮಾಡಿಸಲು ವಿನಾಯಿತಿ ಇದೆ. ಅಂದರೆ ತರಗತಿಯಲ್ಲಿ ಅಣಕು ಶಾಸನಸಭೆ ನಡೆಸಬಹುದು. ನಿಜವಾದ ಶಾಸಕರಿಗೆ ಮನವಿ ಬರೆಸಿ ಅದಕ್ಕೆ ಅಂಕ ಕೊಡಲಾಗದು.

ಟೆಕ್ಸಸ್‌ನ ಭಯಕ್ಕೆ ಬುಡವಿಲ್ಲ ಎಂದು ತಳ್ಳಿಹಾಕಬಾರದು. ತರಗತಿಯಲ್ಲಿ ಕೂತ ಮಗು ಎದ್ದು ಹೋಗುವಂತಿಲ್ಲ. ಅಂಕ ಟೀಚರ್ ಕೈಯಲ್ಲಿದೆ. ಟೀಚರ್‌ಗೆ ಒಂದು ಪಕ್ಷದ ಒಲವಿದ್ದರೆ ಇಡೀ ತರಗತಿ ಆ ಪಕ್ಷದ ಕರಪತ್ರ ಹಂಚುವ ಗುಂಪಾಗಬಹುದು. ತಂದೆ ತಾಯಿ ಮಕ್ಕಳನ್ನು ಶಾಲೆಗೆ ಕಳಿಸುವುದು ಅದಕ್ಕಲ್ಲ. ಇದು ನ್ಯಾಯವಾದ ಮಾತೇ.

ಆದರೆ ಆ ಭಯಕ್ಕೆ ಮದ್ದು ಬೇರೆ ಇದೆ. ವಿಷಯವನ್ನು ಟೀಚರ್ ಆರಿಸಬಾರದು, ಮಗು ಆರಿಸಬೇಕು. ಯಾವ ಕಡೆ ನಿಂತರು ಎಂಬುದಕ್ಕೆ ಅಂಕ ಇರಬಾರದು, ಎಷ್ಟು ಚೆನ್ನಾಗಿ ಹುಡುಕಿದರು ಎಂಬುದಕ್ಕೆ ಇರಬೇಕು. ಮ್ಯಾಸಚೂಸೆಟ್ಸ್ ಕಾನೂನಿನಲ್ಲಿ ಮಕ್ಕಳೇ ನಡೆಸಬೇಕು, ಪಕ್ಷ ಇರಬಾರದು ಎಂದು ಬರೆದಿರುವುದು ಇದೇ ಕಾರಣಕ್ಕೆ. ಟೆಕ್ಸಸ್ ಆ ಬೇಲಿ ಹಾಕುವ ಬದಲು ದಾರಿಯನ್ನೇ ಮುಚ್ಚಿತು. ದಡದಲ್ಲಿ ಕೈಕಾಲು ಬಡಿಸಿ ಈಜು ಕಲಿಸಿದೆ ಅಂದರೆ ಒಪ್ಪಲು ಕಷ್ಟ, ಅಲ್ವಾ?

ದೇಶಪ್ರೇಮ ಮೊದಲೋ, ಪ್ರಶ್ನೆ ಮೊದಲೋ

ಕೇಂದ್ರದ ಒಕ್ಕೂಟದ ಮೇಲಿನ ಆಕ್ಷೇಪ ಬೇರೆ ಥರದ್ದು. ಅದನ್ನು ಮುನ್ನಡೆಸುವುದು ಅಮೆರಿಕ ಫಸ್ಟ್ ಪಾಲಿಸಿ ಇನ್‌ಸ್ಟಿಟ್ಯೂಟ್ ಎಂಬ ಟ್ರಂಪ್ ಪರ ಸಂಸ್ಥೆ. ಮೆಕ್‌ಮಹನ್ ಹಿಂದೆ ಅದರ ಮಂಡಳಿಯ ಅಧ್ಯಕ್ಷೆಯಾಗಿದ್ದವರು. ಒಕ್ಕೂಟದಲ್ಲಿ ಹೆರಿಟೇಜ್ ಫೌಂಡೇಶನ್, ಟರ್ನಿಂಗ್ ಪಾಯಿಂಟ್ ಯುಎಸ್ಎ ಥರದ ಬಲಪಂಥೀಯ ಸಂಸ್ಥೆಗಳು ಇವೆ. ಎಲ್ಲ ಮಕ್ಕಳಿಗೂ ಸೇರಿದ ಪಾಠಕ್ಕೆ ಒಂದೇ ಕಡೆಯವರು ಯಾಕೆ ಎಂಬುದು ಟೀಕಾಕಾರರ ಪ್ರಶ್ನೆ. ಶಾಲೆಗಳು ವರ್ಷಗಟ್ಟಲೆ ದೇಶದ ತಪ್ಪುಗಳನ್ನಷ್ಟೇ ಎತ್ತಿ ತೋರಿಸಿವೆ, ಈಗ ತಕ್ಕಡಿ ಸರಿ ಮಾಡುತ್ತಿದ್ದೇವೆ ಎಂಬುದು ಬೆಂಬಲಿಗರ ಉತ್ತರ.

ಎರಡನ್ನೂ ಒಟ್ಟಿಗೆ ಇಡಬಹುದು ಎಂಬುದಕ್ಕೆ ಅಮೆರಿಕದಲ್ಲೇ ಒಂದು ಮಾದರಿ ಇದೆ. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದಲ್ಲಿ ಕಲಿಸುವ ಎಪಿ ಸರ್ಕಾರ ಕೋರ್ಸಿನಲ್ಲಿ ಮಕ್ಕಳು 9 ಮೂಲ ದಾಖಲೆಗಳನ್ನು ಓದಬೇಕು. ಸಂವಿಧಾನ ಅದರಲ್ಲಿದೆ. ಆ ಸಂವಿಧಾನ ಬೇಡವೇ ಬೇಡ ಎಂದು 1787ರಲ್ಲಿ 'ಬ್ರೂಟಸ್' ಎಂಬ ಹೆಸರಿನಲ್ಲಿ ಬಂದ ಲೇಖನವೂ ಇದೆ. ಅನ್ಯಾಯದ ಕಾನೂನು ಮುರಿದು ಜೈಲಿಗೆ ಹೋದ ಮಾರ್ಟಿನ್ ಲೂಥರ್ ಕಿಂಗ್ 1963ರಲ್ಲಿ ಬರ್ಮಿಂಗ್‌ಹ್ಯಾಂ ಜೈಲಿನಿಂದ ಬರೆದ ಪತ್ರವೂ ಇದೆ. ಇದನ್ನೆಲ್ಲ ಓದಿದ ಮಗು ದೇಶವನ್ನು ಕಡಿಮೆ ಪ್ರೀತಿಸುತ್ತದೆ ಎಂದು ಹೆದರಬೇಕಿಲ್ಲ.

ಕೋರ್ಟು ಹೇಳಿದ್ದು

ಶಾಲೆಯ ಮಕ್ಕಳಿಗೂ ಸಂವಿಧಾನದ ಹಕ್ಕುಗಳಿವೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ ಹೇಳಿದೆ. 1943ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಧ್ವಜಕ್ಕೆ ವಂದಿಸು ಎಂದು ಶಾಲೆ ಮಗುವನ್ನು ಬಲವಂತ ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಮೂರೇ ವರ್ಷ ಹಿಂದೆ ಇದೇ ಕೋರ್ಟ್ ಇದಕ್ಕೆ ತದ್ವಿರುದ್ಧ ಹೇಳಿತ್ತು. ನಮ್ಮ ಸುಪ್ರೀಂ ಕೋರ್ಟ್ ಕೂಡ 1986ರಲ್ಲಿ, ರಾಷ್ಟ್ರಗೀತೆಗೆ ಎದ್ದು ನಿಂತರೂ ಹಾಡದ ಕೇರಳದ ಮೂವರು ಮಕ್ಕಳ ಪ್ರಕರಣದಲ್ಲಿ, ಶಾಲೆಯಿಂದ ಹೊರಹಾಕಿದ್ದು ತಪ್ಪು ಎಂದಿತು.

1965ರ ಡಿಸೆಂಬರ್‌ನಲ್ಲಿ ಅಯೋವಾದ ಡೆ ಮೊಯಿನ್‌ನಲ್ಲಿ ಮೇರಿ ಬೆತ್ ಟಿಂಕರ್ ಎಂಬ 13 ವರ್ಷದ ಹುಡುಗಿ ವಿಯೆಟ್ನಾಂ ಯುದ್ಧ ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋದಳು. ಅಮಾನತು ಆಯಿತು. 1969ರಲ್ಲಿ 7-2 ಬಹುಮತದಿಂದ ಕೋರ್ಟ್ ಅವಳ ಪರ ನಿಂತಿತು.

ಆದರೆ ಪೌರನೀತಿ ಕಲಿಸಿ ಎಂದು ಕೇಳುವ ಹಕ್ಕು? ರೋಡ್ ಐಲೆಂಡ್‌ನ ವಿದ್ಯಾರ್ಥಿಗಳು ಮತ್ತು ಪೋಷಕರು 2018ರಲ್ಲಿ ಅದನ್ನೇ ಕೇಳಿ ಫೆಡರಲ್ ಕೋರ್ಟ್‌ಗೆ ಹೋದರು. ನ್ಯಾಯಾಧೀಶ ವಿಲಿಯಂ ಸ್ಮಿತ್ ಅವರ ಕಾಳಜಿಯನ್ನು ಮೆಚ್ಚಿದರು. ಆದರೂ ಸಂವಿಧಾನದಲ್ಲಿ ಅಂಥ ಹಕ್ಕು ಇಲ್ಲ ಎಂದು 2020ರಲ್ಲಿ ಅರ್ಜಿ ತಳ್ಳಿಹಾಕಿದರು. 2022ರಲ್ಲಿ ಮೇಲಿನ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಆಮೇಲೆ ರಾಜಿಯಾಗಿ ರಾಜ್ಯ ಒಂದು ಪೌರನೀತಿ ಕಾರ್ಯಪಡೆ ರಚಿಸಲು ಒಪ್ಪಿತು. ಹಕ್ಕಿದೆ, ಆದರೆ ಆ ಹಕ್ಕು ಏನೆಂದು ಕಲಿಯುವ ಹಕ್ಕಿಲ್ಲ. ಈ ಮಕ್ಕಳ ವಿಷಯದಲ್ಲಿ ನನಗೆ ಅತ್ಯಂತ ನೋವಾಗುವುದು ಇಲ್ಲೇ.

ಟೀಚರ್ ಸುಮ್ಮನಾದರೆ

ಮೇಲಿನವರು ಹೀಗೆ ಎಳೆದಾಡುವಾಗ ಕೆಳಗೆ ಆಗುವುದೇನು? ರ‍್ಯಾಂಡ್ ಸಂಶೋಧನಾ ಸಂಸ್ಥೆಯ ಸಮೀಕ್ಷೆಯಲ್ಲಿ ಶೇ 65 ಟೀಚರ್‌ಗಳು ರಾಜಕೀಯ, ಸಾಮಾಜಿಕ ವಿಷಯಗಳ ಚರ್ಚೆಯನ್ನು ತಾವೇ ಕಡಿಮೆ ಮಾಡಿದ್ದೇವೆ ಎಂದರು. ಯಾವ ನಿರ್ಬಂಧವೂ ಇಲ್ಲದ ಕಡೆಯೂ ಅರ್ಧಕ್ಕಿಂತ ಜಾಸ್ತಿ ಜನ ಹಾಗೆಂದರು. ಕಾನೂನು ಒಂದು ರಾಜ್ಯದ್ದು, ಅಂಜಿಕೆ ಮಾತ್ರ ಎಲ್ಲ ಕಡೆ. ಯಾವ ಪೋಷಕರು ದೂರು ಕೊಡುತ್ತಾರೋ ಎಂದು ಯೋಚಿಸುವ ಟೀಚರ್ ಇಂದಿನ ಸುದ್ದಿ ಬಿಟ್ಟು 1787ರ ಕಥೆಯಲ್ಲೇ ಉಳಿಯುತ್ತಾರೆ. ಮಕ್ಕಳು ಇಂದಿನ ಸುದ್ದಿಯನ್ನು ಫೋನಿನಿಂದ ಕಲಿಯುತ್ತಾರೆ. ಅಲ್ಲಿ ಎದುರು ಕಡೆಯ ವಾದ ಕೇಳಿಸಿಕೊಳ್ಳಲು ಹೇಳುವವರು ಯಾರೂ ಇಲ್ಲ.

ಬೇರೆ ದಿಕ್ಕಿನಲ್ಲೂ ಸ್ವಲ್ಪ ಚಲನೆ ಇದೆ. ಮೇರಿಲ್ಯಾಂಡ್‌ನ ಟಕೋಮಾ ಪಾರ್ಕ್ 2013ರಲ್ಲೇ ಊರಿನ ಚುನಾವಣೆಯಲ್ಲಿ 16 ವರ್ಷದವರಿಗೆ ವೋಟು ಕೊಟ್ಟಿತು. 2025ರಲ್ಲಿ ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ ಶಾಲಾ ಮಂಡಳಿಯ ಚುನಾವಣೆಗೂ ಅದು ಬಂತು.

ನಮ್ಮ ಮನೆಗಳ ಮಾತು

ಅಮೆರಿಕದ ಕನ್ನಡ ಮನೆಗಳಲ್ಲಿ ಈ ಪಾಠ ಎರಡು ತಲೆಮಾರಿಗೆ ಒಟ್ಟಿಗೆ ನಡೆಯುತ್ತದೆ. ಅಪ್ಪ ಅಮ್ಮ 128 ಪ್ರಶ್ನೆ ಓದುತ್ತಾರೆ, ಮಗಳು ಸರ್ಕಾರದ ಪಾಠ ಓದುತ್ತಾಳೆ. ಅಜ್ಜ ಅಜ್ಜಿಗೆ ಒಂದಷ್ಟು ರಿಯಾಯಿತಿ ಇದೆ. 55 ವರ್ಷ ದಾಟಿ, ಗ್ರೀನ್ ಕಾರ್ಡ್ ಸಿಕ್ಕು 15 ವರ್ಷ ಆದವರು ದುಭಾಷಿ ಇಟ್ಟುಕೊಂಡು ಕನ್ನಡದಲ್ಲೇ ಉತ್ತರ ಹೇಳಬಹುದು. 65 ದಾಟಿ, 20 ವರ್ಷ ಆದವರಿಗೆ 20 ಪ್ರಶ್ನೆಗಳ ಚಿಕ್ಕ ಪಟ್ಟಿ ಸಾಕು.

ಇವರೆಲ್ಲರ ನಡುವೆ ಇನ್ನೊಂದು ಮಗು ಇದೆ. ಮೂರು ವರ್ಷವಿದ್ದಾಗ ಅಪ್ಪನ ಎಚ್-1ಬಿ ವೀಸಾ ಆಸರೆಯಲ್ಲಿ ಬಂದದ್ದು. ಎಲ್ಲ ತರಗತಿಯೂ ಅಲ್ಲೇ. ಸರ್ಕಾರದ ಮೂರು ಅಂಗಗಳನ್ನು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತದೆ. ಆದರೆ ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಅಂದರೆ ಮಗುವಿಗೆ 21 ಆಗುವಷ್ಟರಲ್ಲಿ ಅಪ್ಪನ ಸರದಿ ಬಾರದೇ ಹೋಗಬಹುದು. 21 ಆದ ದಿನ ಅಪ್ಪನ ವೀಸಾದ ಆಸರೆ ತಪ್ಪುತ್ತದೆ. ಬೇರೆ ವೀಸಾ ಹುಡುಕಬೇಕು, ಇಲ್ಲವೇ ನೆನಪೇ ಇಲ್ಲದ ಊರಿಗೆ ವಾಪಸಾಗಬೇಕು. ಇಂಥ ಮಕ್ಕಳಿಗೆ ನೆಲೆ ಕೊಡುವ ಮಸೂದೆಯನ್ನು ಡೆಮಾಕ್ರಾಟ್ ಅಲೆಕ್ಸ್ ಪಡಿಯಾ, ರಿಪಬ್ಲಿಕನ್ ರ‍್ಯಾಂಡ್ ಪಾಲ್ ಸೇರಿ 2021ರಲ್ಲೂ 2023ರಲ್ಲೂ ಸೆನೆಟ್‌ನಲ್ಲಿ ಮಂಡಿಸಿದರು. ಎರಡು ಸಲವೂ ಅದು ಕಾನೂನಾಗಲಿಲ್ಲ.

ಈ ಮಗು ತನ್ನ ಸೆನೆಟರ್‌ಗೆ ಆ ಮಸೂದೆ ಬಗ್ಗೆ ಪತ್ರ ಬರೆಯಬೇಕು ಎಂದುಕೊಂಡರೆ? ಮ್ಯಾಸಚೂಸೆಟ್ಸ್‌ನ ಬಾಸ್ಟನ್ನಿನಲ್ಲಿದ್ದರೆ ಅದು ಶಾಲೆಯ ಪ್ರಾಜೆಕ್ಟ್ ಆಗಬಹುದು. ಮಸೂದೆ ಹುಡುಕಲು, ಎದುರು ವಾದ ಓದಲು ಟೀಚರ್ ಜೊತೆಗಿರುತ್ತಾರೆ. ಟೆಕ್ಸಸ್‌ನ ಆಸ್ಟಿನ್ನಿನಲ್ಲಿದ್ದರೆ ಮನೆಯಲ್ಲಿ, ರಾತ್ರಿ ಊಟ ಆದ ಮೇಲೆ, ತಾನೇ ಕೂತು ಬರೆಯಬೇಕು. ಬರೆಯಲು ಯಾರ ತಡೆಯೂ ಇಲ್ಲ. ಸರ್ಕಾರಕ್ಕೆ ಅಹವಾಲು ಹೇಳಿಕೊಳ್ಳುವ ಹಕ್ಕನ್ನು ಕೊಡುವಾಗ ಸಂವಿಧಾನದ ಮೊದಲ ತಿದ್ದುಪಡಿ ಬಳಸಿದ ಪದ 'ಜನರು', 'ನಾಗರಿಕರು' ಅಲ್ಲ. ಸೆನೆಟರ್‌ಗಳ ವೆಬ್‌ಸೈಟಿನಲ್ಲಿ ಪತ್ರ ಕಳಿಸುವ ಫಾರಂ ಹೆಸರು ಕೇಳುತ್ತದೆ, ಮನೆಯ ವಿಳಾಸ ಕೇಳುತ್ತದೆ, ಝಿಪ್ ಕೋಡ್ ಕೇಳುತ್ತದೆ. ಪೌರತ್ವ ಯಾವುದೆಂದು ಕೇಳುವುದಿಲ್ಲ.